ಸುಂಕದವನ ಮುಂದೆ

ಮಂಗಳವಾರ, ಶನಿವಾರ. ಮೂವತ್ತೊಂದು ವರ್ಷ.
ತೊಗಲಿನ ಚೀಲ ಹೆಗಲಿಗೆ, ರಸೀತಿ ಪುಸ್ತಕ ಕೈಗೆ,
ಥಾರ್ನ್‌ಕ್ಲಫ್ ಪೇಟೆಚೌಕದ ಸುಂಕದವ ನಾನು.
ಕಲ್ಲುಹಾಸಿನ ಮೇಲೆ ಹಳದಿ ಅಂಕಿಗಳು,
ಒಂದರಿಂದ ಎಪ್ಪತ್ತೆರಡು.
ಗಿರಣಿಯ ಮಸಿ ಇನ್ನೂ ಬಿಡದ ಚರ್ಚಿನ ಗಡಿಯಾರ
ಒಂಬತ್ತು ಹೊಡೆಯುವ ಮುಂಚೆ ಬೋಣಿ ಮಾಡುವಂತಿಲ್ಲ.
ಎಲ್ಲರೂ ಮಾಡುತ್ತಿದ್ದರು.
ನಾನು ಪಾರಿವಾಳ ನೋಡುತ್ತಿದ್ದೆ.

ಸುಂಕದವನ ಮುಂದೆ ಸುಖದುಃಖ ಹೇಳಿ ಏನು ಬಂತು
ಅನ್ನುತ್ತಾರೆ.
ಹೇಳದವರು ಯಾರಿದ್ದರು?

ಹದಿನಾಲ್ಕನೆಯ ಅಂಕಿ, ಡೊರೀನ್ ಎಂಟ್‌ವಿಸಲ್.
ಬಿಸ್ಕತ್ತಿನ ಡಬ್ಬಗಳ ತುಂಬ ಗುಂಡಿ:
ಚಿಪ್ಪಿನವು, ಮೂಳೆಯವು,
ಯುದ್ಧದಿಂದ ಕೋಟು ಮಾತ್ರ ಮರಳಿದವರ ಹಿತ್ತಾಳೆಯವು.
ಒಂದೇ ಒಂದು ಗುಂಡಿಗೆ ಎರಡು ಬಸ್ಸು ಬದಲಿಸಿ ಬಂದವರಿಗೆ
ಅದರ ಜೋಡಿ ಸಿಗುವ ತನಕ ಚಹಾ ಮುಟ್ಟುತ್ತಿರಲಿಲ್ಲ.
ಒಮ್ಮೆ ಬಾಡಿಗೆ ಎಣಿಸುತ್ತ ಎಣಿಸುತ್ತ ಅಂದಳು:
"ನಮ್ಮವರು ಹೋದರು, ಶುಕ್ರವಾರ."
ಚಿಲ್ಲರೆ ಸರಿಯಾಗಿತ್ತು.

ಇಪ್ಪತ್ತರಲ್ಲಿ ಪಿಂಗಾಣಿಯ ಲೆನ್ನಿ ಸಗ್ಡನ್,
ಹನ್ನೆರಡು ತಟ್ಟೆ ಒಟ್ಟಿಗೆ ಗಾಳಿಗೆಸೆದು
ಒಟ್ಟಿಗೆ ಹಿಡಿಯುವವನು.
ಒಂದೇ ಸಲ ಒಡೆದದ್ದು, ಸೀನು ಬಂದಾಗ.

ಮೂವತ್ತಾರರಲ್ಲಿ ಬಟ್ಟೆಯ ಇಮ್ತಿಯಾಜ್ ಹುಸೇನ್.
ರಾತ್ರಿ ಪಾಳಿಯ ಮಗ್ಗ ನಿಂತ ಮೇಲೆ
ಗಜಕಡ್ಡಿ ಹಿಡಿದ.
"ನೇಯ್ದ ಊರಿನಲ್ಲೇ, ಎಲ್ಲೋ ನೇಯ್ದದ್ದನ್ನು
ಅಳೆದು ಕೊಡುತ್ತೇನೆ ನೋಡು" ಎಂದು ನಗುತ್ತಿದ್ದ.
ಗಜದ ಕೊನೆಗೆ ಹೆಬ್ಬೆರಳಿಟ್ಟು
ಆ ಹೆಬ್ಬೆರಳಿನಷ್ಟು ಬಿಟ್ಟೇ ಕತ್ತರಿ ಹಾಕುವುದು.
ಕೊಸರು.
ಅದು ಅಳತೆಯಲ್ಲಿಲ್ಲ, ರಸೀತಿಯಲ್ಲಿಲ್ಲ,
ಅದರ ಮೇಲೆ ಸುಂಕ ಹಾಕಲು ಯಾರಿಗೂ ತೋಚಲಿಲ್ಲ.

ಒಂದು ದಿನಕ್ಕೆ ಮುಗಿದದ್ದಲ್ಲ.
ಮೊದಲು ಅರವತ್ತರಾಚೆಯವು, ಅಂಚಿನವು,
ದವಡೆ ಹಲ್ಲು ಹೋದ ಹಾಗೆ, ನಕ್ಕರೂ ಕಾಣದಂತೆ.
ಮೀನಿನ ಗಾಡಿ ಶನಿವಾರಕ್ಕೆ ಮಾತ್ರ ಆಯಿತು,
ಆಮೇಲೆ ಶನಿವಾರಕ್ಕೂ ಇಲ್ಲ.
ಬೆಕ್ಕುಗಳು ಇನ್ನೊಂದು ತಿಂಗಳು ಬಂದವು.

ನಾನೂ ಸಾಚಾ ಅಲ್ಲ.
ಗುರುವಾರ ಸಂಜೆ ಬೈಪಾಸಿನ ಬಳಿಯ
ಆ ದೊಡ್ಡ ದೀಪದ ಅಂಗಡಿಯಿಂದ ಆಲೂಗಡ್ಡೆ ತಂದೆ.
ಚೀಲ ಒಳಹೊರಗು ಮಾಡಿ ಹಿಡಿದಿದ್ದೆ, ಹೆಸರು ಕಾಣದಂತೆ.
ಬಸ್ಸಿನಲ್ಲಿ ಎದುರು ಸೀಟಿಗೇ ಡೊರೀನ್!
ಏನೂ ಅನ್ನಲಿಲ್ಲ.
ಶನಿವಾರ, ನನ್ನ ಕೋಟಿನ ಉದುರಿದ ಗುಂಡಿಗೆ
ಜೋಡಿ ಹುಡುಕಿಟ್ಟಿದ್ದಳು. ದುಡ್ಡು ಮಾತ್ರ ತೆಗೆದುಕೊಂಡಳು.
ಮೊದಲ ಸಲ.

ಕೊನೆಗೆ ಪುರಸಭೆಗೆ ಕರುಣೆ ಹುಟ್ಟಿ
ಮೂರು ತಿಂಗಳು ಸುಂಕ ಮಾಫಿ.
ಖಾಲಿ ಚೀಲ ಹೊತ್ತು ಸುತ್ತುತ್ತಿದ್ದೆ, ಅಭ್ಯಾಸಬಲ.
"ಬನ್ನಿ ಬನ್ನಿ" ಅನ್ನುತ್ತಿದ್ದರು, ಚೆನ್ನಾಗಿಯೇ,
ಹವೆಯ ಮಾತಾಡಿ ಬೆನ್ನು ತಿರುಗಿಸುತ್ತಿದ್ದರು.
ಕಾಸು ಎಣಿಸುವಾಗ ಬೆರಳು ನೋಡುತ್ತ
ಮುಖ ನೋಡದೆ ಹೇಳಬಹುದಾದದ್ದನ್ನು
ಸುಮ್ಮನೆ ನಿಂತವನಿಗೆ ಹೇಗೆ ಹೇಳುವುದು?

ಈಗ ಅಲ್ಲಿ ಕಾರುಗಳು.
ಭಾನುವಾರ ಬೆಳಿಗ್ಗೆ ಚೌಕ ಬರಿದಾಗಿದ್ದಾಗ
ಹಳಬರು ನೆಟ್ಟಗೆ ದಾಟುವುದಿಲ್ಲ.
ಇಲ್ಲಿ ತುಸು ಎಡಕ್ಕೆ, ಅಲ್ಲಿ ಪಿಂಗಾಣಿ ತಾಗದಂತೆ ಬಲಕ್ಕೆ,
ಮೊಮ್ಮಕ್ಕಳು ಕೈ ಜಗ್ಗುತ್ತಾರೆ.

ಹದಿನಾಲ್ಕರ ಮೇಲೆ, ಹಳದಿ ನಾಲ್ಕಿನ ಬಾಲ ತುಳಿದು,
ಹೊಸ ಸುಂಕದವ ನಿಂತಿದ್ದಾನೆ, ಕಬ್ಬಿಣದವನು.
ಕಾಸು ನುಂಗಿ ಚೀಟಿ ಉಗುಳುತ್ತಾನೆ.
ಕಳೆದ ಮಂಗಳವಾರ ಅವನೆದುರು ಒಬ್ಬ ಮುದುಕಿ,
ಬಗ್ಗಿ, ಗಾಜಿಗೆ ಬಾಯಿ ತಾಗಿಸಿ ಹೇಳುತ್ತಿದ್ದಳು:
"ಹತ್ತು ನಿಮಿಷ ಸಾಕಪ್ಪ, ತಂಗಿಗೆ ಔಷಧಿ ತರಬೇಕು."

ನಾನು ಹತ್ತಿರ ಹೋಗಿ ಏನಾಯಿತೆಂದು ಕೇಳಿದೆ.
ಮಂಡಿ, ತಂಗಿ, ತಂಗಿಯ ಅಳಿಯ, ಬರದ ಬಸ್ಸು.
ಅರ್ಧ ಗಂಟೆ.
ಅಷ್ಟರಲ್ಲಿ ಅವಳ ಚೀಟಿಯ ಹೊತ್ತು ಮೀರಿತ್ತು.
ಇನ್ನೊಂದಕ್ಕೆ ಕಾಸು ನಾನು ಹಾಕಿದೆ.